ಆಂಗ್ಲ ಭಾಷೆಯ ಪಾಠದಲ್ಲಿ ಮನದ ಮಾತು

ಗಣಿತದಲ್ಲಿ ತಪ್ಪಿದರೆ ಉತ್ತರ ತಪ್ಪಾಗುತ್ತದೆ. ಇತಿಹಾಸದಲ್ಲಿ ತಪ್ಪಿದರೆ ಇಸವಿ ತಪ್ಪಾಗುತ್ತದೆ. ಆದರೆ ತನ್ನ ಮನಸ್ಸಿನ ಸ್ಥಿತಿಯನ್ನು ಹೇಳಹೊರಟವನ ಪದ ತಪ್ಪಿದರೆ, ಹೇಳಿದವನೇ ಬೇರೊಬ್ಬನಾಗಿ ಕೇಳುವವರಿಗೆ ತೋರುತ್ತಾನೆ. ಇಂಗ್ಲಿಷ್ ಕಲಿಯುತ್ತಿರುವ ಕನ್ನಡದ ಮಕ್ಕಳ ವಿಷಯದಲ್ಲಿ ಈ ಮಾತು ದಿನನಿತ್ಯವೂ ನಿಜವಾಗುತ್ತಿದೆ.

ಸಮಾರಂಭವೊಂದರಲ್ಲಿ ಎರಡು ತಾಸು ಭಾಷಣ ಕೇಳಿ ಬೇಸತ್ತ ಹುಡುಗನೊಬ್ಬನು “ಐ ಆ್ಯಮ್ ಬೋರಿಂಗ್” ಎನ್ನುತ್ತಾನೆಂದು ಭಾವಿಸೋಣ. ಅವನು ಹೇಳಬೇಕೆಂದಿದ್ದುದು ‘ನನಗೆ ಬೇಸರವಾಗಿದೆ’ ಎಂದು. ಹೇಳಿದ್ದು ‘ನಾನು ಇತರರಿಗೆ ಬೇಸರ ಹುಟ್ಟಿಸುವವನು’ ಎಂದು. ಗೆಳೆಯನ ತಂದೆ ತೀರಿಕೊಂಡ ಸುದ್ದಿ ಕೇಳಿ ಮನಮರುಗಿದ ಹುಡುಗಿಯೊಬ್ಬಳು, ‘ಬೇಜಾರು’ ಎಂಬುದಕ್ಕೆ ತನಗೆ ತಿಳಿದಿರುವ ಒಂದೇ ಇಂಗ್ಲಿಷ್ ಪದವನ್ನು ಹಿಡಿದು ಸಾಂತ್ವನದ ಪತ್ರದಲ್ಲಿ “ಐ ಆ್ಯಮ್ ಬೋರ್ಡ್” ಎಂದು ಬರೆದರೆ, ಸಾವಿನ ಸುದ್ದಿಯು ಅವಳಿಗೆ ಬೇಸರದ ಸಂಗತಿಯಾಗಿ ತೋರಿತೆಂದು ಆ ಪತ್ರವು ಸಾರುತ್ತದೆ. ನೌಕರಿಯ ಸಂದರ್ಶನಕ್ಕೆ ಹೋದ ತರುಣನು ತಾನು ಸಂಕೋಚ ಸ್ವಭಾವದವನೆಂದು ತಿಳಿಸಲು “ಐ ಆ್ಯಮ್ ಅಶೇಮ್ಡ್” ಎಂದರೆ, ಎದುರಿಗೆ ಕುಳಿತವರು ಅವನು ಯಾವ ತಪ್ಪನ್ನು ಮಾಡಿ ನಾಚಿಕೊಂಡಿದ್ದಾನೆಂದು ಯೋಚಿಸುತ್ತಾರೆ. ಮೂವರಲ್ಲಿಯೂ ಭಾವನೆ ನಿರ್ಮಲವಾಗಿಯೇ ಇತ್ತು. ಅದು ವಾಕ್ಯದಲ್ಲಿ ಕೆಟ್ಟಿತು.

ಇಂಥ ತಪ್ಪುಗಳನ್ನು ಕೇಳಿ ತರಗತಿ ನಗುತ್ತದೆ. ಆ ನಗೆಯ ಬೆಲೆ ದೊಡ್ಡದು. ಕಾಲವಾಚಕ ತಪ್ಪಿತೆಂದು ನಕ್ಕರೆ ವಿದ್ಯಾರ್ಥಿಯು ತಿದ್ದಿಕೊಂಡು ಮುಂದೆ ಹೋದಾನು. ತನ್ನ ದುಃಖವನ್ನೋ ಹೆದರಿಕೆಯನ್ನೋ ಹೇಳಹೋಗಿ ನಗೆಗೀಡಾದವನು ಮುಂದೆ ಅಂಥ ಮಾತನ್ನೇ ಆಡಲಾರನು. ಹತ್ತನೆಯ ತರಗತಿ ದಾಟಿದ ಎಷ್ಟೋ ಗ್ರಾಮೀಣ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ನೀರಿನ ಚಕ್ರವನ್ನು ವಿವರಿಸಬಲ್ಲರು, ರಜೆಯ ಅರ್ಜಿ ಬರೆಯಬಲ್ಲರು, ಆದರೆ ‘ಹೇಗಿದ್ದೀಯೆ?’ ಎಂದು ಕೇಳಿದರೆ “ಫೈನ್” ಎಂಬ ಒಂದು ಪದವನ್ನು ಬಿಟ್ಟು ಎರಡನೆಯದನ್ನು ಆಡಲು ಹಿಂಜರಿಯುತ್ತಾರೆ. ಕಾರಣವು ಅವರ ಬುದ್ಧಿಮಾಂದ್ಯವಲ್ಲ, ಅಭ್ಯಾಸದ ಕೊರತೆಯೂ ಪೂರ್ಣ ಕಾರಣವಲ್ಲ. ಈ ತಪ್ಪುಗಳಲ್ಲಿ ಬಹುಪಾಲು ಹುಟ್ಟುವುದು ಒಳ್ಳೆಯ ಕನ್ನಡದಿಂದ. ಆದುದರಿಂದ ಅವುಗಳ ಪರಿಹಾರವೂ ಕನ್ನಡದ ಮೂಲಕವೇ ಆಗತಕ್ಕದ್ದು.

ಬರುವ ಭಾವ, ಇರುವ ಭಾವ

ಕನ್ನಡದಲ್ಲಿ ಸಿಟ್ಟು ಬರುತ್ತದೆ, ನಗು ಬರುತ್ತದೆ, ನೆನಪು ಬರುತ್ತದೆ. ಹೆದರಿಕೆಯಾಗುತ್ತದೆ, ಬೇಸರವಾಗುತ್ತದೆ, ಸಂತೋಷವಾಗುತ್ತದೆ. ಮಳೆ ಬಂದಂತೆ, ಜ್ವರ ಬಂದಂತೆ, ಭಾವವೂ ಮನುಷ್ಯನಲ್ಲಿಗೆ ಬರುತ್ತದೆ. ವಾಕ್ಯದ ಕರ್ತೃ ಆ ಭಾವವೇ. ಮನುಷ್ಯನು ಚತುರ್ಥೀ ವಿಭಕ್ತಿಯಲ್ಲಿ, ‘ನನಗೆ’, ‘ಅವಳಿಗೆ’ ಎಂದು ಒಂದು ಬದಿಯಲ್ಲಿ ನಿಂತು ಅದನ್ನು ಬರಮಾಡಿಕೊಳ್ಳುತ್ತಾನೆ. ‘ನನಗೆ ಸಿಟ್ಟು ಬಂತು’ ಎಂಬ ವಾಕ್ಯದಲ್ಲಿ ಸಿಟ್ಟು ಮಾಡಿದವನು ನಾನಲ್ಲ. ಅದು ಬಂದಿತು, ಬಂದಂತೆ ಹೋದೀತು.

ಇಂದಿನ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಮನುಷ್ಯನೇ ಕರ್ತೃ. ಭಾವವು ಅವನನ್ನು ವರ್ಣಿಸುವ ವಿಶೇಷಣ. “ಐ ಆ್ಯಮ್ ಆ್ಯಂಗ್ರಿ” ಎಂದರೆ ‘ನಾನು ಸಿಟ್ಟುಳ್ಳವನಾಗಿದ್ದೇನೆ’ ಎಂಬ ಅಚ್ಚು. ಈ ವ್ಯತ್ಯಾಸವನ್ನು ಯಾರೂ ತಿಳಿಸಿಹೇಳದಿದ್ದರೆ ಮಗು ತನ್ನ ಭಾಷೆಯ ನ್ಯಾಯವನ್ನೇ ಅನುಸರಿಸಿ “ಆ್ಯಂಗರ್ ಕೇಮ್ ಟು ಮಿ” ಎಂದೋ, “ಐ ಆ್ಯಮ್ ಹ್ಯಾವಿಂಗ್ ಫಿಯರ್” ಎಂದೋ ಬರೆಯುತ್ತದೆ. ಕೆಂಪು ಶಾಯಿಯ ಗೆರೆ ಎಳೆದು ‘ತಪ್ಪು’ ಎಂದಷ್ಟೇ ಬರೆದರೆ ಮಗುವಿಗೆ ತಿಳಿಯುವುದು ತಾನು ದಡ್ಡನೆಂಬುದು ಮಾತ್ರ. ‘ಕನ್ನಡದಲ್ಲಿ ಸಿಟ್ಟು ನಿನ್ನ ಬಳಿಗೆ ಬರುತ್ತದೆ; ಇಂಗ್ಲಿಷಿನಲ್ಲಿ ನೀನೇ ಸಿಟ್ಟಿನವನಾಗುತ್ತೀಯೆ’ ಎಂದು ಉಪಾಧ್ಯಾಯರು ಒಮ್ಮೆ ಹೇಳಿದರೆ, ಹತ್ತು ವಾಕ್ಯಗಳು ಒಟ್ಟಿಗೆ ತಿದ್ದಲ್ಪಡುತ್ತವೆ.

ಇಲ್ಲಿ ಗಮನಿಸತಕ್ಕ ಇನ್ನೊಂದು ಸಂಗತಿಯುಂಟು. ಪ್ರಾಚೀನ ಇಂಗ್ಲಿಷಿನಲ್ಲಿಯೂ ಕನ್ನಡದ ಈ ರೀತಿ ಇದ್ದಿತು. ‘ನನಗೆ ತೋರುತ್ತದೆ’ ಎಂಬ ಅರ್ಥದ “ಮೀಥಿಂಕ್ಸ್” ಎಂಬ ರೂಪವು ಷೇಕ್ಸ್‌ಪಿಯರನ ನಾಟಕಗಳ ಕಾಲದವರೆಗೂ ಬಳಕೆಯಲ್ಲಿತ್ತು. ಇಂದು ‘ನಾನು ಇಷ್ಟಪಡುತ್ತೇನೆ’ ಎಂಬರ್ಥ ಕೊಡುವ “ಲೈಕ್” ಎಂಬ ಕ್ರಿಯಾಪದವು ಪೂರ್ವದಲ್ಲಿ ‘ಹಿಡಿಸು’ ಎಂಬರ್ಥದ್ದು. ಆಗ ವಸ್ತುವು ಮನುಷ್ಯನಿಗೆ ಹಿಡಿಸುತ್ತಿತ್ತು. ಕಾಲಕ್ರಮದಲ್ಲಿ ಆ ಭಾಷೆ ದಾರಿ ಬದಲಿಸಿತು, ಕನ್ನಡವು ಬದಲಿಸಲಿಲ್ಲ. ಆದ್ದರಿಂದ ಮಗುವಿನ ತಪ್ಪು ವಾಕ್ಯವು ಅನಾಗರಿಕವಾದುದಲ್ಲ. ಭಾಷೆಗಳ ಚರಿತ್ರೆ ತಿಳಿದ ಅಧ್ಯಾಪಕನು ಅದನ್ನು ಕಂಡು ನಗುವುದಿಲ್ಲ.

ಕನ್ನಡದಲ್ಲಿಯೂ ಮನುಷ್ಯನನ್ನೇ ಕರ್ತೃವಾಗಿಸುವ ಕ್ರಿಯಾಪದಗಳಿಗೆ ಬಡತನವಿಲ್ಲ. ಹೆದರಿದನು, ನಾಚಿದಳು, ಮರುಗಿದನು, ನಲಿದಳು, ಬೆರಗಾದನು, ಸಿಟ್ಟಾದನು ಎಂಬಿವೆಲ್ಲ ಹಾಗೆಯೇ ನಡೆಯುತ್ತವೆ. ಇಂಗ್ಲಿಷ್ ವಾಕ್ಯಕ್ಕೆ ಸೇತುವೆ ಕಟ್ಟುವಾಗ ‘ನನಗೆ ಸಿಟ್ಟು ಬಂತು’ ಎಂಬುದನ್ನು ಮೊದಲು ‘ನಾನು ಸಿಟ್ಟಾದೆನು’ ಎಂದು ಕನ್ನಡದಲ್ಲೇ ಮಾರ್ಪಡಿಸಿದರೆ “ಐ ಗಾಟ್ ಆ್ಯಂಗ್ರಿ” ಎಂಬ ವಾಕ್ಯ ತಾನಾಗಿ ಮುಂದೆ ನಿಲ್ಲುತ್ತದೆ. ಸಿಟ್ಟಾದುದು ಬೇರೆ, ಸಿಟ್ಟಿನಲ್ಲಿದ್ದುದು ಬೇರೆ, ಸಿಟ್ಟಿನ ಸ್ವಭಾವವೇ ಬೇರೆ. ಮೊದಲನೆಯದಕ್ಕೆ “ಗಾಟ್ ಆ್ಯಂಗ್ರಿ”, ಎರಡನೆಯದಕ್ಕೆ “ವಾಸ್ ಆ್ಯಂಗ್ರಿ”, ಮೂರನೆಯದಕ್ಕೆ “ಬ್ಯಾಡ್ ಟೆಂಪರ್ಡ್”. ಈ ಮೂರು ವಿಂಗಡಣೆಗಳು ಕನ್ನಡದ ಮಗುವಿಗೆ ಮೊದಲೇ ಗೊತ್ತಿವೆ. ಅವು ತನಗೆ ಗೊತ್ತಿವೆಯೆಂಬುದು ಮಾತ್ರ ಗೊತ್ತಿಲ್ಲ.

ಹೆದರಿದವನು ಮತ್ತು ಹೆದರಿಸುವವನು

‘ಬೋರ್ಡ್’ ಮತ್ತು ‘ಬೋರಿಂಗ್’, ‘ಇಂಟರೆಸ್ಟೆಡ್’ ಮತ್ತು ‘ಇಂಟರೆಸ್ಟಿಂಗ್’, ‘ಟೈರ್ಡ್’ ಮತ್ತು ‘ಟೈರಿಂಗ್’ ಎಂಬ ಜೋಡಿಪದಗಳ ಗೊಂದಲವು ಬಹುಶಃ ಎಲ್ಲಕ್ಕಿಂತ ವ್ಯಾಪಕವಾದುದು. ವ್ಯಾಕರಣದ ಪುಸ್ತಕಗಳು ಇದನ್ನು ಭೂತಕೃದಂತ, ವರ್ತಮಾನ ಕೃದಂತಗಳ ಹೆಸರಿನಲ್ಲಿ ಬೋಧಿಸುತ್ತವೆ. ಆ ಹೆಸರುಗಳಿಂದ ಗೊಂದಲವು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಏಕೆಂದರೆ ಇಲ್ಲಿರುವ ಪ್ರಶ್ನೆ ಭೂತಕಾಲದ್ದೂ ಅಲ್ಲ, ವರ್ತಮಾನದ್ದೂ ಅಲ್ಲ. ಕೊಡುವವರಾರು, ಪಡೆಯುವವರಾರು ಎಂಬುದಷ್ಟೇ ಪ್ರಶ್ನೆ.

ಇದಕ್ಕೆ ಕನ್ನಡ ವ್ಯಾಕರಣದಲ್ಲಿ ಸಿದ್ಧವಾದ ಕೀಲಿಕೈ ಇದೆ. ಹೆದರು–ಹೆದರಿಸು, ನಗು–ನಗಿಸು, ಬೆದರು–ಬೆದರಿಸು ಎಂಬಲ್ಲಿ ‘ಇಸು’ ಪ್ರತ್ಯಯ ಸೇರಿ ಪ್ರೇರಣಾರ್ಥಕ ಕ್ರಿಯಾಪದವಾಗುವುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಕಲಿತಿರುತ್ತಾನೆ. ಕನ್ನಡದಲ್ಲಿ ಮೂಲಧಾತು ‘ಹೆದರು’. ಅದಕ್ಕೆ ಪ್ರತ್ಯಯ ಸೇರಿದರೆ ‘ಹೆದರಿಸು’. ಇಂಗ್ಲಿಷಿನಲ್ಲಿ ಇಂಥ ಅನೇಕ ಕ್ರಿಯಾಪದಗಳು ಹುಟ್ಟಿನಿಂದಲೇ ‘ಇಸು’ ಸೇರಿದಂಥವು. “ಫ್ರೈಟನ್” ಎಂದರೆ ಹೆದರು ಎಂದಲ್ಲ, ಹೆದರಿಸು ಎಂದು. “ಬೋರ್” ಎಂದರೆ ಬೇಸರಗೊಳ್ಳು ಎಂದಲ್ಲ, ಬೇಸರಗೊಳಿಸು ಎಂದು. “ಸರ್‌ಪ್ರೈಸ್” ಎಂದರೆ ಬೆರಗುಗೊಳಿಸು ಎಂದು. ಆದುದರಿಂದ “ಫ್ರೈಟನಿಂಗ್” ಎಂದರೆ ಹೆದರಿಸುವ, “ಫ್ರೈಟನ್ಡ್” ಎಂದರೆ ಹೆದರಿದ. ಹುಲಿ ಹೆದರಿಸುವಂಥದು, ಹುಡುಗ ಹೆದರಿದವನು. ಪುಸ್ತಕ “ಇಂಟರೆಸ್ಟಿಂಗ್”, ಓದುಗ “ಇಂಟರೆಸ್ಟೆಡ್”. ‘ಇಂಗ್’ ಇರುವುದು ಕೊಡುವ ಕಡೆ, ‘ಎಡ್’ ಇರುವುದು ಪಡೆಯುವ ಕಡೆ. ‘ಹೆದರಿದ ಹುಡುಗ’ ಎನ್ನಬೇಕಾದಲ್ಲಿ ‘ಹೆದರಿಸುವ ಹುಡುಗ’ ಎನ್ನುವ ತಪ್ಪನ್ನು ಕನ್ನಡದಲ್ಲಿ ಮೂರು ವರ್ಷದ ಕೂಸೂ ಮಾಡುವುದಿಲ್ಲ. ಆ ಕೂಸಿನ ತಿಳಿವಳಿಕೆಯನ್ನು ಇಂಗ್ಲಿಷ್ ತರಗತಿಯ ಬಾಗಿಲಲ್ಲಿ ಬಿಟ್ಟುಬಾ ಎಂದು ಹೇಳುವುದು ಯಾವ ನ್ಯಾಯ?

‘ಮೇಲೆ’ ಎಂಬ ಪದದ ಮೋಸ

ಕನ್ನಡದಲ್ಲಿ ತಮ್ಮನ ಮೇಲೆ ಸಿಟ್ಟು, ಮಗುವಿನ ಮೇಲೆ ಪ್ರೀತಿ, ನೆರೆಯವನ ಮೇಲೆ ಹೊಟ್ಟೆಕಿಚ್ಚು. ‘ಮೇಲೆ’ ಎಂಬುದಕ್ಕೆ ಇಂಗ್ಲಿಷಿನಲ್ಲಿ “ಆನ್” ಎಂದು ಕಲಿತ ಮಗು “ಆ್ಯಂಗ್ರಿ ಆನ್ ಹಿಮ್”, “ಲವ್ ಆನ್ ದ ಚೈಲ್ಡ್” ಎಂದು ಬರೆಯುತ್ತದೆ. ಇಂಗ್ಲಿಷಿನ ಬಳಕೆ ಬೇರೆ. ವ್ಯಕ್ತಿಯ ಮೇಲಿನ ಸಿಟ್ಟಿಗೆ “ವಿತ್”, ಸಂಗತಿಯ ಬಗೆಗಿನ ಸಿಟ್ಟಿಗೆ “ಎಟ್” ಅಥವಾ “ಎಬೌಟ್”, ಹೆದರಿಕೆಗೂ ಹೆಮ್ಮೆಗೂ ಹೊಟ್ಟೆಕಿಚ್ಚಿಗೂ ನಾಚಿಕೆಗೂ “ಆಫ್”, ತೃಪ್ತಿಗೆ “ವಿತ್”, ಆಸಕ್ತಿಗೆ “ಇನ್”. ಪ್ರೀತಿಸು ಎಂಬ ಕ್ರಿಯಾಪದಕ್ಕೆ ಏನೂ ಬೇಡ. ಅದು ನೇರವಾಗಿ ಕರ್ಮವನ್ನೇ ಹಿಡಿಯುತ್ತದೆ. ‘ಗಣಿತದಲ್ಲಿ ಆಸಕ್ತಿ’ ಎಂಬ ಕಡೆ ಎರಡು ಭಾಷೆಗಳೂ ಕೈಹಿಡಿದು ನಡೆಯುತ್ತವೆ. ‘ನಾಯಿಗೆ ಹೆದರುತ್ತಾನೆ’ ಎಂಬಲ್ಲಿ ಎರಡೂ ಬೇರೆಯಾಗುತ್ತವೆ.

ಇವುಗಳಿಗೆ ತರ್ಕದ ಸೂತ್ರ ಹುಡುಕಿ ಫಲವಿಲ್ಲ. ಸಿಟ್ಟು ಏಕೆ ‘ಮೇಲೆ’ ಬರುತ್ತದೆ ಎಂದು ಕೇಳಿದರೆ ಕನ್ನಡಿಗನಲ್ಲಿ ಉತ್ತರವಿಲ್ಲ. “ವಿತ್” ಏಕೆ ಎಂದರೆ ಆಂಗ್ಲರಲ್ಲಿಯೂ ಇಲ್ಲ. ಪದವನ್ನು ಅದರ ಸಂಗಾತಿಯೊಡನೆ ಸೇರಿಸಿಯೇ ಕಲಿಸುವುದೊಂದೇ ದಾರಿ. ಈ ಸತ್ಯವನ್ನು ಮೊದಲಾಗಿ ಮನಗಂಡು ನಿಘಂಟು ರಚಿಸಿದವರಲ್ಲಿ ಎ. ಎಸ್. ಹಾರ್ನ್‌ಬಿ ಮುಖ್ಯರು. ಅವರು ಜಪಾನಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದವರು. ಪರಭಾಷೆಯ ವಿದ್ಯಾರ್ಥಿಗೆ ಪದದ ಅರ್ಥ ಸಾಲದು, ಆ ಪದವು ವಾಕ್ಯದಲ್ಲಿ ಹೇಗೆ ಕೂಡುತ್ತದೆಂಬುದೂ ಬೇಕು ಎಂಬ ನಿಲುವಿನಿಂದ ಅವರು ಸಹೋದ್ಯೋಗಿಗಳೊಡನೆ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಜಪಾನಿನಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯ ಅದನ್ನು ಹೊರತಂದಿತು. ಇಂದಿಗೂ ಲೋಕದಾದ್ಯಂತ ವಿದ್ಯಾರ್ಥಿಗಳು ಬಳಸುವ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿಯ ಮೂಲವು ಅದೇ. ಅದರಲ್ಲಿ ‘ಅಫ್ರೇಡ್’ ಎಂಬ ಪದವನ್ನು ತೆರೆದು ನೋಡಿದ ವಿದ್ಯಾರ್ಥಿಗೆ ಅರ್ಥದೊಡನೆ ವಾಕ್ಯಗಳೂ ದೊರೆಯುತ್ತವೆ; ಆ ಪದವು ನಾಮಪದದ ಹಿಂದೆ ವಿಶೇಷಣವಾಗಿ ನಿಲ್ಲದೆಂಬುದೂ ತಿಳಿಯುತ್ತದೆ. “ಅಫ್ರೇಡ್ ಬಾಯ್” ಎನ್ನಲಾಗದು. “ಫ್ರೈಟನ್ಡ್ ಬಾಯ್” ಎನ್ನಬೇಕು. ಎರಡು ರೂಪಾಯಿ ಉಳಿಸಲು ಪದಕ್ಕೊಂದು ಅರ್ಥ ಕೊಡುವ ಕಿರುಪುಸ್ತಿಕೆಯನ್ನು ಮಗುವಿನ ಕೈಗಿಡುವವರು ಈ ವ್ಯತ್ಯಾಸವನ್ನು ಅರಿಯಬೇಕು.

ಒಂದು ಪದ, ಹಲವು ಮುಖ

ಪದಕ್ಕೊಂದು ಅರ್ಥವೆಂಬ ಪದ್ಧತಿಯ ಹಾನಿ ಭಾವವಾಚಕ ಪದಗಳಲ್ಲಿ ಕಾಣುವಷ್ಟು ಬೇರೆಲ್ಲಿಯೂ ಕಾಣುವುದಿಲ್ಲ. ‘ಕುರ್ಚಿ’ಗೆ “ಚೇರ್” ಎಂದರೆ ಮುಗಿಯಿತು. ‘ಬೇಜಾರು’ ಎಂಬುದಕ್ಕೆ ಏನೆನ್ನಬೇಕು? ಪಾರಸಿಯಿಂದ ಬಂದು ಕನ್ನಡದ ಮನೆಮಾತಾದ ಈ ಪದವು ಬಹಳ ಹೊರೆಯನ್ನು ಹೊತ್ತಿದೆ. ಕೆಲಸವಿಲ್ಲದೆ ಕುಳಿತವನ ಬೇಜಾರು “ಬೋರ್ಡ್”. ಸಾವಿನ ಸುದ್ದಿ ಕೇಳಿದವನ ಬೇಜಾರು “ಸ್ಯಾಡ್”. ಗೆಳೆಯನ ಮಾತಿನಿಂದ ನೊಂದವನ ಬೇಜಾರು “ಹರ್ಟ್”. ಒಂದೇ ಕೆಲಸವನ್ನು ಮಾಡಿಮಾಡಿ ಸಾಕಾದವನ ಬೇಜಾರು “ಟೈರ್ಡ್ ಆಫ್”. ‘ಬೇಜಾರು ಮಾಡಿಕೊಳ್ಳಬೇಡಿ’ ಎಂಬಲ್ಲಿ ಅದು ವಿನಯದ ಕೋರಿಕೆ ಮಾತ್ರ.

‘ನಾಚಿಕೆ’ಯದೂ ಅದೇ ಕಥೆ. ಹೊಸಬರ ಮುಂದೆ ಮಾತು ಹೊರಡದ ಸ್ವಭಾವಕ್ಕೆ “ಶೈ”; ಮಾಡಿದ ತಪ್ಪಿನ ಅರಿವಿನಿಂದ ತಲೆತಗ್ಗಿದರೆ “ಅಶೇಮ್ಡ್”; ನಾಲ್ವರ ಎದುರು ಅಂಗಿ ಹರಿದು ಕಸಿವಿಸಿಯಾದರೆ “ಎಂಬ್ಯಾರಸ್ಡ್”. ಮೊದಲನೆಯದರಲ್ಲಿ ತಪ್ಪೇ ಇಲ್ಲ, ಎರಡನೆಯದರಲ್ಲಿ ತಪ್ಪುಂಟು, ಮೂರನೆಯದರಲ್ಲಿ ಪರರ ಕಣ್ಣುಂಟು. ಸಂದರ್ಶನಕ್ಕೆ ಹೋದ ತರುಣನ ವಾಕ್ಯ ಕೆಟ್ಟದ್ದು ಈ ಭೇದವನ್ನು ಅರಿಯದೆ. ಆದರೆ ಈ ಭೇದ ಇಂಗ್ಲಿಷಿನದು ಮಾತ್ರವೆಂದು ತಿಳಿಯಬಾರದು. ಸಂಕೋಚ, ಮುಜುಗರ, ಲಜ್ಜೆ, ಅವಮಾನ, ಹಿಂಜರಿಕೆ ಎಂಬ ಪದಗಳು ಕನ್ನಡದಲ್ಲಿ ಬೇರೆ ಬೇರೆಯಾಗಿ ನಿಂತಿವೆ. ಸಂಕೋಚಕ್ಕೆ “ಶೈ”, ಮುಜುಗರಕ್ಕೆ “ಎಂಬ್ಯಾರಸ್ಡ್” ಎಂದರೆ ಸರಿಸುಮಾರು ತೂಕ ಸಮನಾಗುತ್ತದೆ. ದುರ್ದೈವವೆಂದರೆ ಇಂದಿನ ಮಗುವಿಗೆ ‘ಮುಜುಗರ’ವೆಂಬ ಪದವೇ ದೂರವಾಗುತ್ತಿದೆ. ಕನ್ನಡದಲ್ಲಿ ಒಂದೇ ಪದದಿಂದ ಎಲ್ಲವನ್ನೂ ನಡೆಸುವವನು ಇಂಗ್ಲಿಷಿನಲ್ಲಿ ಮೂರು ಪದಗಳನ್ನು ಬೇರ್ಪಡಿಸಬಲ್ಲನೆಂದು ನಿರೀಕ್ಷಿಸುವುದು ವ್ಯರ್ಥ.

‘ಸಾರಿ’ ಎಂಬ ಪದವನ್ನು ತೆಗೆದುಕೊಳ್ಳಬಹುದು. ‘ಕ್ಷಮಿಸಿ’ ಎಂದು ಅರ್ಥ ಹೇಳಿಕೊಟ್ಟು ಶಾಲೆ ಸುಮ್ಮನಾಗುತ್ತದೆ. ಆ ಮೇಲೆ ಸಾವಿನ ಮನೆಗೆ ಬಂದವರು ಇಂಗ್ಲಿಷಿನಲ್ಲಿ “ಐ ಆ್ಯಮ್ ಸಾರಿ” ಎಂದುದನ್ನು ಕೇಳಿದ ವಿದ್ಯಾರ್ಥಿಗೆ, ಇವರು ಕ್ಷಮೆ ಬೇಡುವಂಥ ಯಾವ ಅಪರಾಧ ಮಾಡಿದರೆಂದು ದಿಗಿಲಾಗುತ್ತದೆ. ಆ ಪದದ ತಿರುಳು ಕ್ಷಮೆಯಲ್ಲ, ವ್ಯಥೆ. ತನ್ನ ತಪ್ಪಿಗಾಗಿ ವ್ಯಥೆಪಟ್ಟರೆ ಅದು ಕ್ಷಮೆ ಕೇಳಿದಂತಾಗುತ್ತದೆ. ಪರರ ನೋವಿಗಾಗಿ ವ್ಯಥೆಪಟ್ಟರೆ ಸಾಂತ್ವನವಾಗುತ್ತದೆ. ಹಾಗೆಯೇ “ಐ ಆ್ಯಮ್ ಅಫ್ರೇಡ್ ಐ ಕೆನಾಟ್ ಕಮ್” ಎಂಬಲ್ಲಿ ಹೆದರಿಕೆಯ ಸುಳಿವೂ ಇಲ್ಲ. ‘ಬರಲಾಗದೆಂದು ತಿಳಿಸಲು ವಿಷಾದವಿದೆ’ ಎಂಬ ಸೌಜನ್ಯವಷ್ಟೇ. ‘ಕಾತರ’ದಂತೆ “ಆ್ಯಂಕ್ಷಸ್” ಎಂಬ ಪದಕ್ಕೂ ಎರಡು ಮುಖ, ಒಂದು ಚಿಂತೆಯದು, ಇನ್ನೊಂದು ಹಂಬಲದ್ದು. ಚಿಂತೆಯಾದರೆ “ಎಬೌಟ್” ಜೊತೆಗೂಡುತ್ತದೆ, ಏನನ್ನಾದರೂ ಮಾಡುವ ಹಂಬಲವಾದರೆ “ಟು” ಮತ್ತು ಕ್ರಿಯಾಪದ ಜೊತೆಗೂಡುತ್ತವೆ.

ಕನ್ನಡದೊಳಕ್ಕೆ ಬಂದು ನೆಲೆಸಿದ ಇಂಗ್ಲಿಷ್ ಪದಗಳು ಈ ತೊಡಕನ್ನು ಇಮ್ಮಡಿಗೊಳಿಸಿವೆ. ‘ಫೀಲ್ ಆಯಿತು’ ಎಂದರೆ ಇಂದಿನ ಆಡುಗನ್ನಡದಲ್ಲಿ ಮನಸ್ಸಿಗೆ ನೋವಾಯಿತು ಎಂದರ್ಥ. ಇಂಗ್ಲಿಷಿನಲ್ಲಿ “ಐ ಫೆಲ್ಟ್” ಎಂದು ನಿಲ್ಲಿಸಿದರೆ ಕೇಳುವವನು ಮುಂದಿನ ಪದಕ್ಕಾಗಿ ಕಾಯುತ್ತಾನೆ. ‘ಟೆನ್ಷನ್ ತೆಗೆದುಕೊಳ್ಳಬೇಡ’ ಎಂಬುದನ್ನು ಹಾಗೆಯೇ ಮರಳಿ ಇಂಗ್ಲಿಷಿಗೆ ಕಳುಹಿಸಿದರೆ ಅಲ್ಲಿ ಅದಕ್ಕೆ ಮನೆಯಿಲ್ಲ; “ಡೋಂಟ್ ವರಿ” ಎನ್ನಬೇಕು. ಪರೀಕ್ಷೆಗೆ ಮುಂಚಿನ ಎದೆಬಡಿತಕ್ಕೆ “ನರ್ವಸ್”, ಪರೀಕ್ಷೆ ಮುಗಿದ ಮೇಲೆ ಫಲಿತಾಂಶದ ಚಿಂತೆಗೆ “ವರೀಡ್”. ‘ತುಂಬಾ ಸಂತೋಷ’ವೆನ್ನಲು “ಟೂ ಹ್ಯಾಪಿ” ಎಂದರೆ ಸಂತೋಷ ಅತಿಯಾಯಿತು, ಅಷ್ಟು ಇರಬಾರದಿತ್ತು ಎಂಬ ಧ್ವನಿ ಬರುತ್ತದೆ, “ವೆರಿ ಹ್ಯಾಪಿ” ಎಂದರೆ ಸಾಕು.

ಆಕ್ಷೇಪಗಳು

ಇಷ್ಟೆಲ್ಲ ಸೂಕ್ಷ್ಮ ಏಕೆ, ಅರ್ಥವಾದರೆ ಸಾಲದೇ ಎಂದು ಕೆಲವರು ಕೇಳಬಹುದು. ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆಂದು ತಿಳಿಯಲು ಒಡಕು ಇಂಗ್ಲಿಷೂ ಸಾಕು, ನಿಜ. ಆದರೆ ಭಾವವನ್ನು ಹೇಳುವ ಮಾತಿನಲ್ಲಿ ಅರ್ಥವೂ ರೀತಿಯೂ ಬೇರೆಯಾಗಿಲ್ಲ. ವೈದ್ಯರ ಮುಂದೆ ಕುಳಿತ ರೋಗಿ ತನಗೆ ಆಯಾಸವೋ, ಖಿನ್ನತೆಯೋ, ಆತಂಕವೋ ಎಂಬುದನ್ನು ಹೇಳಲಾರದಿದ್ದರೆ ಚಿಕಿತ್ಸೆಯೇ ದಾರಿ ತಪ್ಪೀತು. ದೂರದ ಊರಿನಲ್ಲಿ ದುಡಿಯುವವನು ಮೇಲಧಿಕಾರಿಗೆ ತನ್ನ ಅಸಮಾಧಾನವನ್ನು ತಿಳಿಸಲು ಹೋಗಿ ಕೋಪವನ್ನು ತೋರಿಸಿದರೆ ಹೊಟ್ಟೆಪಾಡಿಗೇ ಸಂಚಕಾರ.

ಭಾರತೀಯರ ಇಂಗ್ಲಿಷಿಗೆ ತನ್ನದೇ ಆದ ಚೆಲುವಿದೆ, ಆಂಗ್ಲರ ಅಚ್ಚಿಗೆ ಅದನ್ನು ಬಡಿಯಬೇಕಿಲ್ಲ ಎಂಬ ಮಾತನ್ನು ವಿದ್ವಾಂಸರು ಆಡಿದ್ದಾರೆ. ಅದು ಮನ್ನಿಸತಕ್ಕ ಮಾತೇ. ಕನ್ನಡದ ಉಪಮೆ, ಕನ್ನಡದ ವಿನಯ, ಕನ್ನಡದ ಬಂಧುವಾಚಕಗಳು ಇಂಗ್ಲಿಷಿನೊಳಗೆ ಬಂದರೆ ಆ ಭಾಷೆಗೆ ಲಾಭ. ಆದರೆ ಆಯ್ಕೆ ಮಾಡಿಕೊಂಡ ವ್ಯತ್ಯಾಸ ಒಂದು, ತಿಳಿಯದೆ ಆದ ತಪ್ಪು ಇನ್ನೊಂದು. ‘ಬೋರಿಂಗ್’ ಎಂದವನು ಭಾರತೀಯ ಇಂಗ್ಲಿಷನ್ನು ಆಡಲಿಲ್ಲ. ತನ್ನನ್ನು ತಾನೇ ಹಳಿದುಕೊಂಡನು.

ಇಂಗ್ಲಿಷ್ ಪಾಠದಲ್ಲಿ ಕನ್ನಡದ ಸದ್ದು ಕೇಳಬಾರದೆಂಬುದು ಮೂರನೆಯ ಆಕ್ಷೇಪ. ಅನೇಕ ಶಾಲೆಗಳಲ್ಲಿ ಇದು ನಿಯಮವೇ ಆಗಿದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರು, ಮದರಾಸು ಮೊದಲಾದೆಡೆಯ ಶಾಲೆಗಳಲ್ಲಿ ನಡೆದು, ಬೆಂಗಳೂರು ಪ್ರಯೋಗವೆಂದು ಲೋಕಪ್ರಸಿದ್ಧವಾದ ಬೋಧನಾ ಪ್ರಯೋಗವನ್ನು ಇಲ್ಲಿ ಸ್ಮರಿಸಬೇಕು. ವ್ಯಾಕರಣದ ಅಂಶಗಳನ್ನು ಮುಂದಾಗಿ ಗೊತ್ತುಮಾಡದೆ, ನಕ್ಷೆ, ವೇಳಾಪಟ್ಟಿ ಮೊದಲಾದವುಗಳನ್ನು ಮುಂದಿಟ್ಟು, ಮಗುವಿನ ಗಮನವು ಅರ್ಥದ ಮೇಲೆ ನೆಲೆಸುವಂತೆ ಮಾಡಿದರೆ ಭಾಷೆ ಬೆಳೆಯುತ್ತದೆಂಬುದು ಅದರ ತತ್ವ. ಮಾಹಿತಿಯನ್ನು ದಾಟಿಸುವ ಕೆಲಸ, ತರ್ಕಿಸುವ ಕೆಲಸ, ಸ್ವಂತ ಭಾವ ಮತ್ತು ಅಭಿಪ್ರಾಯವನ್ನು ಹೇಳುವ ಕೆಲಸ ಎಂದು ಪ್ರಭು ಅವರು ಮೂರು ಬಗೆಗಳನ್ನು ಗುರುತಿಸಿದರು; ಆರಂಭದ ವಿದ್ಯಾರ್ಥಿಗಳಿಗೆ ತರ್ಕದ ಕೆಲಸವೇ ಹೆಚ್ಚು ಅನುಕೂಲವೆಂದು ಕಂಡರು. ವೇಳಾಪಟ್ಟಿಗೆ ಒಂದು ಸರಿಯುತ್ತರವಿದೆ, ಮನಸ್ಸಿಗೆ ಅಂಥದಿಲ್ಲ. ಸ್ವಂತ ಭಾವವನ್ನು ಹೇಳುವ ಕೆಲಸ ಮಗುವಿಗೆ ಎಲ್ಲಕ್ಕಿಂತ ಕಠಿಣವಾಗಿದ್ದರೆ, ಎಲ್ಲಕ್ಕಿಂತ ಹೆಚ್ಚಿನ ಆಸರೆಯೂ ಅಲ್ಲಿಯೇ ಬೇಕು. ಆ ಆಸರೆ ಮಾತೃಭಾಷೆಯಲ್ಲದೆ ಮತ್ತಾವುದು? ತನಗೆ ಏನಾಗಿದೆಯೆಂಬುದನ್ನು ಕನ್ನಡದಲ್ಲಿ ಹೇಳಲು ಬಿಡದೆ, ಅದನ್ನು ಇಂಗ್ಲಿಷಿನಲ್ಲಿ ಹೇಳು ಎಂದರೆ ಮಗು ಮೌನವನ್ನೇ ಆರಿಸಿಕೊಳ್ಳುತ್ತದೆ.

ಆಗಬೇಕಾದುದೇನು

ಕರ್ನಾಟಕದಲ್ಲಿ 2007ರಿಂದ ಕನ್ನಡ ಮಾಧ್ಯಮದ ಮಕ್ಕಳಿಗೂ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ವರ್ಷಗಳ ಸಂಖ್ಯೆ ಹೆಚ್ಚಿತು. ಬೋಧನೆಯ ರೀತಿಯೂ ಅದಕ್ಕೆ ತಕ್ಕಂತೆ ಮಾಗಬೇಕು. ಇದಕ್ಕೆ ಬಹಳ ಹಣ ಬೇಕಿಲ್ಲ.

ದಿನಕ್ಕೊಂದು ಭಾವದ ವಾಕ್ಯವನ್ನು ಪ್ರತಿ ವಿದ್ಯಾರ್ಥಿಯೂ ಒಂದು ನೋಟುಪುಸ್ತಕದಲ್ಲಿ ಬರೆಯಲಿ. ಮೊದಲು ಕನ್ನಡದಲ್ಲಿ, ಸಾಧ್ಯವಾದಷ್ಟು ನಿಖರವಾದ ಪದದಲ್ಲಿ. ಅದರ ಕೆಳಗೆ ಇಂಗ್ಲಿಷಿನಲ್ಲಿ. ಭಾವವೊಂದೇ ಸಾಲದು, ಕಾರಣವೂ ಅದೇ ವಾಕ್ಯದಲ್ಲಿರಲಿ. “ಐ ಆ್ಯಮ್ ಪ್ರೌಡ್” ಎಂದು ನಿಲ್ಲಿಸದೆ “ಐ ಆ್ಯಮ್ ಪ್ರೌಡ್ ಆಫ್ ಮೈ ಸಿಸ್ಟರ್” ಎಂದು ಬರೆದಾಗ ಪದವೂ ಅದರ ಸಂಗಾತಿಯೂ ಒಟ್ಟಿಗೆ ಕೈಗೆ ಬರುತ್ತವೆ. ಉಪಾಧ್ಯಾಯರು ತಪ್ಪಿಗೆ ಗೆರೆ ಎಳೆಯುವ ಮೊದಲು ಮೇಲಿನ ಕನ್ನಡ ವಾಕ್ಯವನ್ನು ಓದಲಿ. ತಪ್ಪಿನ ಮೂಲ ಅಲ್ಲಿಯೇ ಕಾಣುತ್ತದೆ. ಆ ನೋಟುಪುಸ್ತಕಕ್ಕೆ ಅಂಕಗಳಿರಬಾರದು, ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಲೂ ಬಾರದು. ಮನಸ್ಸಿನ ಮಾತಿಗೆ ಮರ್ಯಾದೆ ಸಲ್ಲುವ ಸ್ಥಳದಲ್ಲಿ ಮಾತ್ರ ಮನಸ್ಸು ಮಾತನಾಡುತ್ತದೆ.

ಕನ್ನಡ ಅಧ್ಯಾಪಕರೂ ಇಂಗ್ಲಿಷ್ ಅಧ್ಯಾಪಕರೂ ಬೇರೆ ಬೇರೆ ದ್ವೀಪಗಳಲ್ಲಿ ವಾಸಿಸುವ ಪದ್ಧತಿಯೂ ಕೊನೆಗೊಳ್ಳಬೇಕು. ಚತುರ್ಥೀ ವಿಭಕ್ತಿಯ ಪಾಠವೂ ಪ್ರೇರಣಾರ್ಥಕ ಕ್ರಿಯಾಪದದ ಪಾಠವೂ ಕನ್ನಡ ತರಗತಿಯಲ್ಲಿ ಮುಗಿದ ವಾರದಲ್ಲಿಯೇ ಅವುಗಳ ಇಂಗ್ಲಿಷ್ ಪ್ರಯೋಜನವನ್ನು ಇನ್ನೊಬ್ಬರು ತೋರಿಸಿದರೆ ಎರಡು ಪಾಠಗಳೂ ಗಟ್ಟಿಯಾಗುತ್ತವೆ. ವಿದ್ಯಾಸಂಸ್ಥೆಗಳಿಗೆ ಉದಾರವಾಗಿ ನೆರವಾಗುತ್ತಿರುವ ದಾನಿಗಳು ಕಟ್ಟಡಕ್ಕೂ ಗಣಕಯಂತ್ರಕ್ಕೂ ಕೊಡುವುದರೊಡನೆ, ಪ್ರತಿ ತರಗತಿಗೆ ನಾಲ್ಕೈದು ಒಳ್ಳೆಯ ನಿಘಂಟುಗಳನ್ನೂ ಕೊಡಿಸುವ ಮನಸ್ಸು ಮಾಡಬೇಕು. ಅವು ಬೀರುವಿನಲ್ಲಿ ಬೀಗ ಹಾಕಿಸಿಕೊಳ್ಳದೆ ಮೇಜಿನ ಮೇಲೆ ತೆರೆದಿರುವಂತೆಯೂ ನೋಡಿಕೊಳ್ಳಬೇಕು. ಹೊರನಾಡುಗಳಲ್ಲಿ ಉದ್ಯೋಗಸ್ಥರಾದ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಬಂದಾಗ ತಮ್ಮ ಯಶಸ್ಸನ್ನು ಮಾತ್ರ ಹೇಳಿ ಹೋಗದೆ, ಆರಂಭದ ದಿನಗಳಲ್ಲಿ ಯಾವ ಮಾತು ಬಾರದೆ ತೊಳಲಿದೆವೆಂಬುದನ್ನೂ ಮಕ್ಕಳೊಡನೆ ಹಂಚಿಕೊಂಡರೆ ಮಹದುಪಕಾರವಾದೀತು.

ಊರು ಬಿಟ್ಟು ಪ್ರಸಾದನಿಲಯಕ್ಕೆ ಬಂದ ಚಿಕ್ಕ ಹುಡುಗನಿಗೆ ಮೊದಲ ರಾತ್ರಿ ಆಗುವುದೇನು? ‘ಅವ್ವನ ನೆನಪು ಬರುತ್ತದೆ’ ಎನ್ನುತ್ತಾನೆ. ಇಂಗ್ಲಿಷಿನಲ್ಲಿ ಅದನ್ನು “ಮೆಮೊರಿ ಈಸ್ ಕಮಿಂಗ್” ಎಂದು ಬರೆದರೆ ಆ ನೋವು ಯಾರಿಗೂ ಮುಟ್ಟುವುದಿಲ್ಲ. “ಐ ಮಿಸ್ ಮೈ ಮದರ್” ಎಂಬ ನಾಲ್ಕು ಪದಗಳನ್ನು ಅವನಿಗೆ ಕೊಡುವುದು ಶಾಲೆಯ ಕರ್ತವ್ಯ. ಅವನ ಬಾಯಲ್ಲಿ ಮೊದಲು ಬಂದ ‘ಅವ್ವನ ನೆನಪು’ ಎಂಬ ಮಾತು ಕೆಡದಂತೆ ಕಾಪಾಡುವುದೂ ಅಷ್ಟೇ ದೊಡ್ಡ ಕರ್ತವ್ಯ. ಒಂದನ್ನು ಕಿತ್ತುಕೊಂಡು ಇನ್ನೊಂದನ್ನು ಕೊಡುವ ಶಿಕ್ಷಣವು ಕೊನೆಗೆ ಎರಡನ್ನೂ ಕೊಡುವುದಿಲ್ಲ. ಎರಡೂ ಭಾಷೆಗಳಲ್ಲಿ ತನ್ನ ಮನಸ್ಸನ್ನು ಇದ್ದುದಿದ್ದಂತೆ ಹೇಳಬಲ್ಲ ವಿದ್ಯಾರ್ಥಿಗಳು ಪ್ರತಿ ಶಾಲೆಯಿಂದಲೂ ಹೊರಬರುವಂತಾಗಲಿ. ಉಪಾಧ್ಯಾಯ ವೃಂದವೂ ಪೋಷಕರೂ ದಾನಿಗಳೂ ಈ ದಿಸೆಯಲ್ಲಿ ಇಂದೇ ಮೊದಲ ಹೆಜ್ಜೆ ಇಡಲಿ.